ಮೂವತ್ತಮೂರು ತೂತು

ಎದ್ದ ಕೂಡಲೇ ಮುಕ್ತಿಯಾರ್ ಹಾಸಿಗೆಯಲ್ಲೇ ಕೂತು ಕಿವಿಗೊಟ್ಟ. ಬೀದಿಯಲ್ಲಿ ಹಾಲಿನವನ ಸೈಕಲ್ಲು ಹೋಯಿತು. ಯಾರದೋ ಮನೆಯ ನಲ್ಲಿ ನೀರಿಲ್ಲದೆ ಗೊರಗೊರ ಎಂದಿತು. ಆಮೇಲೆ, ಮೂರು ಮನೆ ಆಚೆಯಿಂದ, ಅವನು ಕಾಯುತ್ತಿದ್ದ ಕೆಮ್ಮು ಬಂತು. ಮೊದಲು ಎರಡು ಒಣ ಕೆಮ್ಮು, ಹಿಂದೆಯೇ ಎದೆಯ ತಳದಿಂದ ಎಳೆದು ತಂದಂಥ ಒಂದು ಉದ್ದ ಕೆಮ್ಮು. ವಹಾಬ್ ಚಾಚಾ ಇನ್ನೂ ಇದ್ದಾರೆ. ಅಲ್‌ಹಮ್ದುಲಿಲ್ಲಾ ಎಂದು ಬಾಯಿಗೆ ಬಂದುಬಿಟ್ಟಿತು. ತಾನು ದೇವರನ್ನು ನೆನೆದದ್ದು ಎಂಬತ್ತು ದಾಟಿದ ಆ ಮುದುಕರ ಜೀವ ಉಳಿಯಿತೆಂದಲ್ಲ, ತನ್ನ ಮಾನ ಇನ್ನೊಂದು ದಿನ ಉಳಿಯಿತೆಂದು ಎನ್ನುವುದು ಮರುಗಳಿಗೆಯೇ ಹೊಳೆದು ಅವನ ಮುಖ ಬಿಸಿಯಾಯಿತು. ಅರವತ್ತು ವರ್ಷದ ಗಂಡಸು, ಚನ್ನಪಟ್ಟಣದ ಮರದ ಗೊಂಬೆಗೆ ಬಣ್ಣ ಹತ್ತಿಸುವುದರಲ್ಲಿ ನಾಲ್ಕು ಬೀದಿಗೆ ಹೆಸರಾದವನು, ಬೆಳಿಗ್ಗೆ ಬೆಳಿಗ್ಗೆ ಎದ್ದು ಇನ್ನೊಬ್ಬರ ಕೆಮ್ಮಿಗೆ ಕಾಯುತ್ತಾ ಕೂರುವುದೆಂದರೆ ಏನು? ಪಕ್ಕದಲ್ಲಿ ಹೆಂಡತಿ ಅಮೀರುನ್ನೀಸಾ ಕಣ್ಣು ಬಿಡದೆಯೇ, "ಕೆಮ್ಮಿದ್ರಾ?" ಎಂದು ಕೇಳಿದಳು. "ಹೂಂ" ಎಂದ. "ಹಂಗಾದ್ರೆ ಎದ್ದು ಮುಖ ತೊಳ್ಕೊಳ್ಳಿ" ಎಂದು ಅವಳು ಮಗ್ಗುಲಾದಳು.

ಅಂಗಳದಲ್ಲಿ ಅದು ಎರಡು ಮರದ ದಿಮ್ಮಿಗಳ ಮೇಲೆ ಅಂಗಾತ ಮಲಗಿತ್ತು. ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, ಸುತ್ತಲೂ ಒಂದು ಬೆರಳೆತ್ತರದ ಅಂಚು. ಮಸೀದಿಯಲ್ಲಿ ಸತ್ತವರಿಗೆ ಸ್ನಾನ ಮಾಡಿಸುವ ಹೊಸ ಹಲಗೆ. ಹಲಗೆ ಎಂದು ಬಾಯಿ ರೂಢಿಗೆ ಅನ್ನುವುದು, ಅದು ಮರವಲ್ಲ, ಸ್ಟೇನ್‌ಲೆಸ್ ಸ್ಟೀಲು. ಬೆಂಗಳೂರಿನಲ್ಲಿ ಹೋಟೆಲುಗಳಿಗೆ ಟೇಬಲ್ಲು ಮಾಡುವ ಯಾರಿಗೋ ಹೇಳಿ ವಹಾಬ್ ಚಾಚಾ ತಮ್ಮ ಸ್ವಂತ ಖರ್ಚಿನಲ್ಲಿ ಮಾಡಿಸಿ ತಂದದ್ದು. ಟೇಬಲ್ಲಿನವನಿಗೆ ಇದರ ಮೇಲೆ ಏನು ನಡೆಯುತ್ತದೆಂದು ಹೇಗೆ ಗೊತ್ತಾಗಬೇಕು, ನೀರು ಹರಿದುಹೋಗಲು ಒಂದೂ ತೂತು ಇಡದೆ ಕಳಿಸಿದ್ದ. ಆ ತೂತುಗಳನ್ನು ಮನೆಯಲ್ಲೇ ಕೊರೆದು ಕೊಡುತ್ತೇನೆಂದು ಮುಕ್ತಿಯಾರ್ ಹೊತ್ತು ತಂದು ಇವತ್ತಿಗೆ ಐದನೆಯ ದಿನ. ಬೇಕಾದದ್ದು ಮೂವತ್ತಮೂರು. ಆಗಿರುವುದು ಸೊನ್ನೆ. ಎಡ ಭುಜ ಬರುವ ಕಡೆ ಮಾತ್ರ ಒಂದು ಗುಳಿ ಬಿದ್ದಿತ್ತು, ಸುತ್ತ ನೀಲಿಗಟ್ಟಿ, ಒಳಗೆ ಕನ್ನಡಿಯಂತೆ ಹೊಳೆಯುತ್ತಾ. ಬಗ್ಗಿ ನೋಡಿದರೆ ಅದರಲ್ಲಿ ಅವನದೇ ಮೂಗು ಬದನೆಕಾಯಿಯ ಹಾಗೆ ಕಾಣಿಸುತ್ತಿತ್ತು.

ಇಷ್ಟಕ್ಕೂ ಯಾರು ಕೇಳಿದ್ದರು ಅವನನ್ನು? ಜಮಾತಿನ ಮೀಟಿಂಗಿನಲ್ಲಿ ಗೌಸ್ ಸುಮ್ಮನೆ ಕೂತಲ್ಲಿಂದ ಹೇಳಿದ್ದ. ಬಸ್‌ಸ್ಟ್ಯಾಂಡಿನ ಹಿಂದೆ ಕಬ್ಬಿಣದ ಗೇಟು, ಕಿಟಕಿ ಮಾಡುವ ಅಂಗಡಿ ಇಟ್ಟಿರುವವನು. "ನಮ್ ಅಂಗ್ಡೀಗ್ ಕಳ್ಸಿ, ಅರ್ಧ ದಿನದ್ ಕೆಲ್ಸ" ಎಂದ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದಕ್ಕೆ ಸ್ವಲ್ಪ ಮೊದಲು ವಹಾಬ್ ಚಾಚಾ ಒಂದು ಮಾತು ಆಡಿದ್ದರು. ಹಳೆಯ ಹಲಗೆ ಯಾಕೆ ಬೇಡ ಎಂದು ಯಾರೋ ಕೇಳಿದ್ದಕ್ಕೆ, ಅದು ವಾಸನೆ ಬರುತ್ತದೆ ಎಂದಿದ್ದರು. ಹಳೆಯ ಹಲಗೆಯನ್ನು ಹಲಸಿನ ಮರದಲ್ಲಿ ಮಾಡಿದವನು ಮುಕ್ತಿಯಾರನ ಅಬ್ಬಾ. ನಲವತ್ತು ವರ್ಷ ಈ ಮೊಹಲ್ಲಾದ ಎಲ್ಲ ಗಂಡಸರೂ ಹೆಂಗಸರೂ ಅದರ ಮೇಲೆ ಕೊನೆಯ ನೀರು ಹಾಕಿಸಿಕೊಂಡು ಹೋಗಿದ್ದರು, ಅಬ್ಬಾ ಕೂಡ. ಅಬ್ಬಾನನ್ನು ಅದರ ಮೇಲೆ ಮಲಗಿಸಿದ ದಿನ ಚೊಂಬು ಹಿಡಿದು ನಿಂತಿದ್ದ ಮುಕ್ತಿಯಾರ್ ನೋಡಿದ್ದು ಅಬ್ಬಾನ ಮುಖವನ್ನಲ್ಲ, ಹಲಗೆಯ ಬೆನ್ನ ಪಕ್ಕದ ಅಂಚನ್ನು. ಇಲ್ಲಿ ಉಜ್ಜುವುದನ್ನು ಬಿಟ್ಟಿದ್ದಾನಲ್ಲ ಎಂದು ಅಂದುಕೊಂಡಿದ್ದ. ಹೆತ್ತ ತಂದೆಯ ಹೆಣದ ಮುಂದೆ ನಿಂತು ಅವನ ಕೆಲಸದಲ್ಲಿ ಐಬು ಹುಡುಕಿದ ಆ ಗಳಿಗೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗ ನೋಡಿದರೆ ತುಂಬಿದ ಸಭೆಯಲ್ಲಿ ವಾಸನೆ ಎನ್ನುತ್ತಾರೆ. ಯಾರೂ ಅವನ ಕಡೆ ತಿರುಗಲಿಲ್ಲ, ತಿರುಗದೇ ಇದ್ದದ್ದೇ ಅವನಿಗೆ ಚುರ್ ಎಂದಿತು. ಎದ್ದು ನಿಂತವನು, "ತೂತಿಗ್ ಗೌಸ್ ಯಾಕ್ರಪ್ಪಾ? ನಲವತ್ ವರ್ಸದಿಂದ ನಾನ್ ಕೊರೀತಿರೋದು ಇನ್ನೇನು? ತಸ್ಬೀ ಮಣಿ ಲಕ್ಷಗಟ್ಲೆ ಕೊರ್ದಿವ್ನಿ. ಮನೇಲೇ ಮಾಡ್ಕೊಡ್ತೀನಿ, ಎರಡ್ ದಿನ" ಎಂದುಬಿಟ್ಟ. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಮೆಹಬೂಬ್ ಸಾಬರು ಎಷ್ಟು ತೂತು ಎಂದರು. ಮೂವತ್ತು ಸಾಕು ಎಂದರು ಒಬ್ಬರು. ಎಲ್ಲದರಲ್ಲೂ ಬೆಸ ಇರಬೇಕು ಎಂದರು ಇನ್ನೊಬ್ಬರು. ನೀರು ಬೆಸ ಸಲ ಹಾಕಬೇಕೇ ಹೊರತು ತೂತು ಬೆಸ ಇರಬೇಕೆಂದು ಎಲ್ಲಿದೆ ಎಂದು ಮೂರನೆಯವರು ಕೇಳಿ ಅರ್ಧ ಗಂಟೆ ಜಗಳವಾಯಿತು. ಕೊನೆಗೆ ತಸ್ಬೀ ಜಪಸರದ ಮಣಿಗಳ ಲೆಕ್ಕದಲ್ಲಿ ಮೂವತ್ತಮೂರು ಇರಲಿ ಎಂದು ಹೇಳಿದವನೂ ಮುಕ್ತಿಯಾರನೇ. ಹತ್ತು ಎಂದಿದ್ದರೆ ಯಾರಾದರೂ ಅವನ ನಾಲಗೆ ಹಿಡಿದುಕೊಳ್ಳುತ್ತಿದ್ದರೇ?

ಹಳೆಯ ಹಲಗೆಯನ್ನು ಅವತ್ತೇ ಸಂಜೆ ಮಸೀದಿಯ ಹಿಂದೆ ಹೂತರು. ಒಲೆಗೆ ಹಾಕುವಂತಿಲ್ಲ, ಮಾರುವಂತಿಲ್ಲ, ಯಾರೂ ಮನೆಗೆ ಒಯ್ಯುವಂತಿಲ್ಲ, ಹೂಳುವುದೇ ಸರಿ ಎಂದು ಮೆಹಬೂಬ್ ಸಾಬರು ತೀರ್ಮಾನಿಸಿದರು. ಪೇಟೆ ಮಸೀದಿಯಲ್ಲಿ ಒಂದು ಹಲಗೆ ಇತ್ತು. ಆದರೆ ನಾವು ಸ್ಟೀಲಿನದು ಮಾಡಿಸಿದ್ದೇವೆ ಎಂದು ಆ ಜಮಾತಿನವರ ಮುಂದೆ ಈಗಾಗಲೇ ಹೇಳಿಕೊಂಡಾಗಿತ್ತು, ಅವರ ಹತ್ತಿರ ಹೋಗಿ ಮರದ್ದು ಕೇಳಲು ಯಾರಿಗೂ ಮುಖವಿರಲಿಲ್ಲ. ಹೀಗಾಗಿ ಮುಕ್ತಿಯಾರ್ ತೂತು ಮುಗಿಸುವವರೆಗೆ ಆ ಮೊಹಲ್ಲಾದಲ್ಲಿ ಯಾರೂ ಸಾಯುವಂತಿರಲಿಲ್ಲ. ಬೀದಿಯಲ್ಲಿ ಅವನನ್ನು ಕಂಡವರೆಲ್ಲ, "ಏನ್ ಭಾಯ್, ನಾವಿನ್ನು ಸಾಯ್ಬೋದಾ, ಇಲ್ಲ ಒಸಿ ತಡೀಬೇಕಾ?" ಎಂದು ಕೇಳಿ ನಗುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕು ಬಂದು ಅಂಗಳದಲ್ಲಿ ಆ ಗುಳಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ.

ತಪ್ಪು ಎಲ್ಲಿದೆ ಎಂದು ಅವನಿಗೆ ಅರ್ಥವಾಗಲೇ ಇಲ್ಲ. ಮೊದಲ ದಿನ ಷಡ್ಡಕನ ಮನೆಯಿಂದ ಕರೆಂಟಿನ ಡ್ರಿಲ್ ಮಿಷಿನ್ನು ತಂದು, ಬಿಸ್ಮಿಲ್ಲಾ ಹೇಳಿ, ಪೂರ್ತಿ ಜೋರಿನಲ್ಲಿ ಬಿಟ್ಟಿದ್ದ. ಕೈ ಮಾತ್ರ ಹಗುರ. ಅವನ ಇಡೀ ಬದುಕಿನ ವಿದ್ಯೆ ಅದೇ ಆಗಿತ್ತು: ಮರ ಜೋರಾಗಿ ತಿರುಗಬೇಕು, ಕೈ ಹೂವಿನ ಹಾಗೆ ಮುಟ್ಟಬೇಕು. ತಿರುಗುವ ಮರಕ್ಕೆ ಅರಗಿನ ಕಡ್ಡಿ ತಾಗಿಸಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಒತ್ತಿದವನು ಕೆಟ್ಟ, ಆತುರಪಟ್ಟವನು ಕೆಟ್ಟ, ಬಿಸಿ ತಾನಾಗಿ ಕೆಲಸ ಮಾಡುತ್ತದೆ ಎಂದು ಅಬ್ಬಾ ಬೆರಳು ಹಿಡಿದು ಕಲಿಸಿದ್ದ. ಸ್ಟೀಲಿನಿಂದ ಹೊಗೆ ಎದ್ದಾಗ ಅವನಿಗೆ ಖುಷಿಯಾಗಿತ್ತು, ಬಿಸಿ ಬಂತಲ್ಲ ಇನ್ನೇನು ಎಂದು. ಕಿರೋ ಎಂದು ಬೀದಿಯ ನಾಯಿಗಳು ಓಡಿಹೋಗುವಂತೆ ಶಬ್ದ ಬಂತು, ಕೊರೆಯುವ ಬಿಟ್ಟಿನ ಮೊನೆ ಕೆಂಪಾಯಿತು, ನೀಲಿಯಾಯಿತು, ಮೊಂಡಾಯಿತು. ಇನ್ನೊಂದು ಬಿಟ್ಟು ಹಾಕಿದ. ಅದೂ ಹೋಯಿತು. ಇದುವರೆಗೆ ಒಂಬತ್ತು ಹೋಗಿವೆ. ಒಂದೊಂದು ಸಲ ಉಜ್ಜಿದಾಗಲೂ ಆ ಗುಳಿ ಮೊದಲಿಗಿಂತ ಗಟ್ಟಿಯಾಗುತ್ತಿತ್ತು. ತನ್ನ ಕೈ ತಾಗಿದಷ್ಟೂ ಇದು ತನ್ನನ್ನು ದೂರ ತಳ್ಳುತ್ತಿದೆ, ಅಬ್ಬಾನ ಹಲಗೆಯನ್ನು ಮಣ್ಣಿಗೆ ಹಾಕಿದ್ದಕ್ಕೆ ಈ ಸ್ಟೀಲಿಗೂ ಏನೋ ಗೊತ್ತಾಗಿದೆ ಎಂದು ಒಂದು ಮಧ್ಯಾಹ್ನ ಅನ್ನಿಸಿತು. ಮರುಕ್ಷಣ, ಹೋಟೆಲ್ ಟೇಬಲ್ಲಿಗೆ ಏನು ಗೊತ್ತಾಗುತ್ತದೆ ಎಂದು ತನ್ನನ್ನೇ ಬೈದುಕೊಂಡ.

ಅಮೀರುನ್ನೀಸಾ ಮೊದಲೆರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. "ಮನೇಲಿ ಮೈಯತ್ ಹಲ್ಗೆ ಇಟ್ಕೊಂಡು ನಾನು ಅನ್ನ ಬೇಯಿಸ್ಬೇಕಾ?" ಎಂದು ಅದರ ಮೇಲೆ ಒಂದು ಹಳೆಯ ಜಮಖಾನ ಹೊದಿಸಿದಳು. ಹೊದಿಸಿದ ಮೇಲೆ ಅದು ಯಾರೋ ಹೊದ್ದು ಮಲಗಿದ ಹಾಗೆ ಕಂಡು ಅವಳೇ ಬೆಚ್ಚಿ ಜಮಖಾನ ಕಿತ್ತು ಬಿಸಾಕಿದಳು. ಮೂರನೆಯ ದಿನ ಬಿಸಿಲಿಗೆ ಅದು ಕಾದಿರುವುದನ್ನು ಕೈಯಿಟ್ಟು ನೋಡಿದಳು. ನಾಲ್ಕನೆಯ ದಿನ ಅದರ ತುಂಬ ಅಕ್ಕಿ ಹಪ್ಪಳ ಒಣಗಿಸಿದ್ದಳು. ಮುಕ್ತಿಯಾರ್ ಬಾಯಿ ಬಿಟ್ಟು ನೋಡಿದಾಗ, "ಇನ್ನೂ ಯಾರೂ ಮಲಗಿಲ್ವಲ್ಲ, ಹೊಸದು ತಾನೆ" ಎಂದಳು. ಅದೇ ಹೊತ್ತಿಗೆ ಬೈರಾಪಟ್ಟಣದ ಹೊನ್ನಯ್ಯ ಎಂದಿನಂತೆ ಗೊಂಬೆಗೆ ಬೇಕಾದ ಹಾಲೆ ಮರದ ತುಂಡುಗಳನ್ನು ಹೊತ್ತು ಬಂದವನು, ಹೊರೆ ಇಳಿಸಿ, ಹಪ್ಪಳ ಸರಿಸಿ, ಹಲಗೆಯ ತುದಿಗೆ ಕೂತು ಮೈ ಚಾಚಿದ್ದ.

"ಏನ್ ಸಾಬ್ರೆ, ಹೋಟ್ಲು ಇಕ್ತಿದ್ದೀರಾ? ಒಳ್ಳೆ ಟೇಬ್ಲು ತಂದ್ಬುಟ್ಟಿದ್ದೀರಿ" ಎಂದು ಒಂದು ಅರೆ ಒಣಗಿದ ಹಪ್ಪಳವನ್ನು ಮುರಿದು ಬಾಯಿಗೆ ಹಾಕಿಕೊಂಡ.

ಮುಕ್ತಿಯಾರ್ ವಿಷಯ ಹೇಳಿದ. ಹೊನ್ನಯ್ಯ ಅಗಿಯುವುದನ್ನು ನಿಲ್ಲಿಸಿದ. ನುಂಗಬೇಕೋ ಉಗುಳಬೇಕೋ ತಿಳಿಯದೆ ಸ್ವಲ್ಪ ಹೊತ್ತು ಕೆನ್ನೆಯಲ್ಲಿಟ್ಟುಕೊಂಡು, ಕೊನೆಗೆ ಅಮೀರುನ್ನೀಸಾ ನೋಡುತ್ತಿದ್ದಾಳೆಂದು ನುಂಗಿದ. ಎದ್ದು ಅಂಡು ಝಾಡಿಸಿಕೊಂಡು, "ಕೂರೋಕ್ ಮುಂಚೆ ಯೋಳ್ಬಾರ್ದಾ ಸಾಮಿ, ನಂಗಿನ್ನೂ ಐವತ್ತೆರಡು" ಎಂದ. ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೆ ಒಮ್ಮೆ ಹಿಂದಿರುಗಿ ನೋಡಿ, "ಉದ್ದ ಸರ್ಯಾಗೈತೆ ಬುಡಿ" ಎಂದು ಸಮಾಧಾನ ಹೇಳಿದ.

ಇವತ್ತು, ಐದನೆಯ ದಿನ, ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಕರೆಂಟು ಹೋದದ್ದಕ್ಕೆ ಮುಕ್ತಿಯಾರ್ ಒಳಗೊಳಗೇ ಹಿಗ್ಗಿದ. ಈಗ ತೂತು ಆಗದೇ ಇರುವುದು ಅವನ ತಪ್ಪಲ್ಲ. ಬೀಡಿ ಹಚ್ಚಿ ಮೋಟು ಗೋಡೆಗೆ ಒರಗಿ ಕೂತಿದ್ದಾಗ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದಾಯಿತು. ವಹಾಬ್ ಚಾಚಾ. ಐವತ್ತು ವರ್ಷ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದು ಆ ಹಬೆಯಲ್ಲೇ ಎದೆ ಕೆಡಿಸಿಕೊಂಡವರು, ಅವತ್ತಿನ ಮೀಟಿಂಗಿಗೆ ಎತ್ತಿಕೊಂಡು ಹೋದದ್ದು ಬಿಟ್ಟರೆ ಎರಡು ತಿಂಗಳಿಂದ ಮಂಚ ಬಿಟ್ಟು ಇಳಿದವರಲ್ಲ. ಸೊಸೆ ನೀರಿಗೆ ಹೋದದ್ದನ್ನು ನೋಡಿಕೊಂಡು, ಮೂರು ಮನೆಯ ದೂರವನ್ನು ಮೂರು ಕಡೆ ಕೂತು ಎದ್ದು ದಾಟಿ ಬಂದಿದ್ದರು. ಮುಕ್ತಿಯಾರ್ ಬೀಡಿಯನ್ನು ಹಿಂದಕ್ಕೆ ಎಸೆದು ಓಡಿದ. ಆ ಗುಳಿಯ ಮೇಲೆ ಒಂದು ಬಟ್ಟೆಯನ್ನಾದರೂ ಹಾಕಬೇಕಿತ್ತು, ಅಷ್ಟು ಹೊತ್ತು ಸಿಗಲಿಲ್ಲ.

"ಎಷ್ಟಾಯ್ತೋ ಮುಕ್ತಿಯಾರ್?"

"ಆಗ್ತಾ ಐತೆ ಚಾಚಾ. ಕರೆಂಟಿಂದೇ ಸಮಸ್ಯೆ."

ಚಾಚಾ ಹಲಗೆಯ ಉದ್ದಕ್ಕೂ ಅಂಗೈ ಸವರಿಕೊಂಡು ಹೋದರು. ಗುಳಿಯ ಹತ್ತಿರ ಬೆರಳು ನಿಂತಿತು, ಮುಂದೆ ಹೋಯಿತು. ಕೋಲನ್ನು ಅಮೀರುನ್ನೀಸಾಳ ಕೈಗೆ ಕೊಟ್ಟು, ಅಂಚಿನ ಮೇಲೆ ಕೂತು, ಒಂದು ಕಾಲನ್ನು ಎತ್ತಿ, ಇನ್ನೊಂದನ್ನು ಕೈಯಲ್ಲೇ ಹಿಡಿದು ಎತ್ತಿಟ್ಟುಕೊಂಡು, ಮಲಗಿಬಿಟ್ಟರು. "ಚಾಚಾ, ಚಾಚಾ" ಎಂದು ಅಮೀರುನ್ನೀಸಾ ಕೋಲು ಹಿಡಿದು ಸುತ್ತ ತಿರುಗಿದಳು. "ಅಳತೆ ನೋಡ್ತೀನಮ್ಮ, ಬೆಂಗ್ಳೂರಿನೋರನ್ನ ನಂಬೋಕಾಗಲ್ಲ" ಎಂದರು ಅವರು. ಪಾದದಾಚೆ ಒಂದು ಗೇಣು ಉಳಿದಿತ್ತು. ತಣ್ಣಗಿದೆ ಎಂದರು. ಚೆನ್ನಾಗಿದೆ ಎಂದರು. ಬೇವಿನ ಮರದ ನೆರಳು ಅವರ ಮೈಪೂರ್ತಿ ಬಿದ್ದಿತ್ತು. ಕಣ್ಣು ಮುಚ್ಚಿದರು. ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು. ಒಂದು ಕೆಮ್ಮು ಬಂತು. ಆಮೇಲೆ ಬರಲಿಲ್ಲ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಎದೆ ಏರುತ್ತಿದೆಯೇ? ಜುಬ್ಬಾ ದೊಗಳೆಯಾಗಿತ್ತು, ಗಾಳಿಯೂ ಇತ್ತು, ಏನೂ ಗೊತ್ತಾಗುವಂತಿರಲಿಲ್ಲ. ಆ ಗಳಿಗೆಯಲ್ಲಿ ಮುಕ್ತಿಯಾರನ ತಲೆಯಲ್ಲಿ ಮೊಟ್ಟಮೊದಲು ಬಂದದ್ದು, ಅಯ್ಯೋ, ಒಂದಾದರೂ ತೂತು ಆಗಿಲ್ಲವಲ್ಲ ಎಂದು. ಚಿಕ್ಕವನಿದ್ದಾಗ ಎತ್ತಿಕೊಂಡು ರೇಷ್ಮೆ ಮಾರ್ಕೆಟ್ಟು ತೋರಿಸಿದ್ದ ಮನುಷ್ಯ ಕಣ್ಣೆದುರು ಸತ್ತು ಮಲಗಿರಬಹುದು, ಇವನಿಗೆ ಅಳು ಬರಲಿಲ್ಲ, ದುವಾ ಬರಲಿಲ್ಲ, ತೂತು ಬಂತು. ಎರಡನೆಯದಾಗಿ ಬಂದದ್ದು ಇನ್ನೂ ಕೆಟ್ಟದ್ದು: ಮೆಲ್ಲಗೆ ಎತ್ತಿಕೊಂಡು ಹೋಗಿ ಅವರ ಮನೆಯ ಮಂಚದ ಮೇಲೆಯೇ ಮಲಗಿಸಿ ಬಂದರೆ ಸಂಜೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಕರೆಂಟು ಬರಬಹುದು. ತಾನು ಇಂಥವನು ಎಂದು ಅವನಿಗೆ ಅರವತ್ತು ವರ್ಷ ತಿಳಿದಿರಲಿಲ್ಲ. ಅಬ್ಬಾನ ಹೆಣದ ಮುಂದೆ ಅಂಚು ನೋಡಿದವನು ಇವನೇ ಅಲ್ಲವೇ, ತಿಳಿಯದೆ ಏನು. ಅಮೀರುನ್ನೀಸಾ ಬಗ್ಗಿ ಮುದುಕರ ಮೂಗಿನ ಹತ್ತಿರ ಬೆರಳ ಹಿಂಭಾಗ ಹಿಡಿದಳು. ವಹಾಬ್ ಚಾಚಾ ಗೊರಕೆ ಹೊಡೆದರು.

ಅರ್ಧ ಗಂಟೆ ಮಲಗಿದರು. ಗಂಡ ಹೆಂಡತಿ ಎರಡೂ ಕಡೆ ನಿಂತು ನೊಣ ಓಡಿಸಿದರು. ಎದ್ದ ಮೇಲೆ ಚಹಾ ಕುಡಿದು, ಅಲ್ಲೇ ಕಾಲು ಇಳಿಬಿಟ್ಟು ಕೂತು, ಅವರು ಗುಳಿಯ ಮೇಲೆ ಬೆರಳಿಟ್ಟರು.

"ಒಂದೂ ಆಗಿಲ್ಲ ಅಲ್ವೇನೋ?"

ಮುಕ್ತಿಯಾರ್ ತಲೆ ತಗ್ಗಿಸಿದ. "ಇಲ್ಲ ಚಾಚಾ. ನಂಗ್ ಬರ್ತಿಲ್ಲ." ಈ ಮಾತನ್ನು ಐದು ದಿನದಿಂದ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದ. ಬಿಟ್ಟ ಮೇಲೆ ಆಕಾಶವೇನೂ ಬೀಳಲಿಲ್ಲ.

"ನಾನು ಅರ್ಜೆಂಟ್ ಮಾಡಲ್ಲ. ಆದ್ರೆ ನನ್ ಕೈಲೂ ಏನೂ ಇಲ್ಲ ನೋಡು" ಎಂದು ಚಾಚಾ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಂತು, ಬಾಯಿ ಒರೆಸಿಕೊಂಡರು. ಆಮೇಲೆ ಹೇಳಿದರು: "ಅವತ್ತು ಮೀಟಿಂಗ್‌ನಲ್ಲಿ ವಾಸ್ನೆ ಅಂದ್ನಲ್ಲ, ಅದು ಸುಳ್ಳು. ಹಲ್ಗೆ ಏನೂ ವಾಸ್ನೆ ಬರ್ತಿರ್ಲಿಲ್ಲ. ಸಿಬರು ಎದ್ದಿತ್ತು. ನನ್ ದೋಸ್ತ್ ಹುಸೇನ್ ಭಾಯ್‌ಗೆ ಸ್ನಾನ ಮಾಡಿಸ್ದಾಗ ಹೊರಳಿಸಿದ್ವಿ, ಬೆನ್ನಲ್ಲಿ ಇಷ್ಟುದ್ದದ ಸಿಬರು ಮುರ್ಕೊಂಡಿತ್ತು. ನನ್ ಉಗುರಿಗ್ ಸಿಗ್ಲಿಲ್ಲ. ಎಲ್ಲಾರೂ ಬೇಗ ಬೇಗ ಅಂತಿದ್ರು. ಹಂಗೇ ಕಫನ್ ಸುತ್ಬುಟ್ವಿ. ಹನ್ನೊಂದು ವರ್ಸ ಆಯ್ತು. ನಾನು ಬಲ ಮಗ್ಗುಲು ಆದಾಗೆಲ್ಲ ನನ್ ಬೆನ್ನಿಗೇ ಚುಚ್ದಂಗಾಗ್ತದೆ. ಸಿಬರು ಅಂದಿದ್ರೆ ನಿಮ್ಮಪ್ಪನ ಕೈಕೆಲ್ಸಕ್ಕೆ ಹೆಸ್ರು ಬರ್ತಿತ್ತು. ವಾಸ್ನೆ ಅಂದ್ರೆ ಯಾರ್ ತಪ್ಪೂ ಅಲ್ಲ. ಅದಕ್ಕೇ ಹಂಗಂದೆ."

ಹೋಗುವಾಗ ಮುಕ್ತಿಯಾರನ ತೋಳು ಹಿಡಿದು ನಡೆದರು. ಬಾಗಿಲಲ್ಲಿ ಸೊಸೆಯ ಬೈಗುಳ ಶುರುವಾದ ಮೇಲೆ, ಅವಳಿಗೆ ಕೇಳದಂತೆ, "ತೂತು ಕಮ್ಮಿ ಆದ್ರೂ ಪರ್ವಾಗಿಲ್ಲ ಕಣೋ. ಅಂಚು ಒಸಿ ನೋಡ್ಕೋ" ಎಂದರು.

ಅಲ್ಲಿಂದ ಮುಕ್ತಿಯಾರ್ ಮನೆಗೆ ಹೋಗಲಿಲ್ಲ. ಕಾಲು ತಾನಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆಯಿತು. ಐದು ದಿನ ಆ ಮುದುಕರ ಮೇಲೆ ಒಳಗೊಳಗೇ ಹಲ್ಲು ಕಡಿದಿದ್ದ. ಅವರು ಅವನ ಅಪ್ಪನ ಮಾನ ಮುಚ್ಚಲು ಹತ್ತು ಜನರ ಮುಂದೆ ಸುಳ್ಳು ಹೇಳಿದ್ದರು. ಬೆನ್ನ ಪಕ್ಕದ ಅಂಚು ಉಜ್ಜದೆ ಬಿಟ್ಟದ್ದನ್ನು ನೋಡಿಯೂ, ಗೊಂಬೆ ನುಣುಪು ಮಾಡುವ ಒಂದು ಕೇದಗೆ ಗರಿ ತಂದು ಉಜ್ಜದೆ ಇಷ್ಟು ವರ್ಷ ಸುಮ್ಮನಿದ್ದವನು ಯಾರು? ಅಬ್ಬಾನೊಬ್ಬನದೇ ಕೆಲಸವೇ ಅದು? ಗೌಸನ ಅಂಗಡಿಯ ಮುಂದೆ ಎರಡು ಸಲ ಅತ್ತಿಂದಿತ್ತ ನಡೆದ. ಕಡೆಗೆ ಗೌಸನೇ ಕರೆದು ಸ್ಟೂಲು ಕೊಟ್ಟ. ಗೌಸ್ ನಗುತ್ತಾನೆ ಎಂದು ಇವನು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದ. ಅವನು ನಗಲಿಲ್ಲ, ಕಟ್ಟಿಕೊಂಡು ಬಂದದ್ದೆಲ್ಲ ದಂಡವಾಯಿತು.

"ನೀವು ಬಣ್ಣ ಹತ್ಸೋ ಹಂಗೆ ಉಜ್ಜಿದ್ದೀರಿ ಭಾಯ್" ಎಂದ ಗೌಸ್. "ಸ್ಟೀಲು ಉಜ್ಜಿದಷ್ಟೂ ಗಟ್ಟಿಯಾಗ್ತದೆ. ಬಿಸಿ ಆಗಕ್ಕೇ ಬಿಡ್ಬಾರ್ದು. ನಿಧಾನ ತಿರುಗಿಸ್ಬೇಕು, ಮೈಭಾರ ಪೂರ್ತಿ ಹಾಕ್ಬೇಕು, ಎಣ್ಣೆ ಬಿಡ್ತಾ ಇರ್ಬೇಕು. ಮೊನೆ ಕಚ್ತಾ ಇಲ್ಲ ಅಂದ್ರೆ ತಿರುಗಿಸ್ಲೇಬಾರ್ದು. ಆ ಗುಳಿ ಬಿದ್ದೈತಲ್ಲ, ಅದನ್ನ ಮೇಲಿಂದ ಮುಟ್ಬೇಡಿ, ಮಗುಚಿ ಹಿಂದ್ಗಡೆಯಿಂದ ಹಾಕಿ." ಗೋಡೆಯಿಂದ ಒಂದು ಹಳೆಯ ಕೈ ಡ್ರಿಲ್ಲು ಇಳಿಸಿಕೊಟ್ಟ. ಎದೆಗೆ ಆನಿಸಿಕೊಂಡು ಹಿಡಿ ತಿರುಗಿಸುವಂಥದು. ಜೊತೆಗೆ ಹೊಸ ಬಿಟ್ಟು, ಒಂದು ಸಣ್ಣ ಅರ. "ನಾನು ಬಂದ್ ಮಾಡ್ಕೊಡ್ಲಾ?" ಎಂದು ಮೆಲ್ಲಗೆ ಕೇಳಿದ. ಬೇಡ ಎನ್ನಲು ಮುಕ್ತಿಯಾರನಿಗೆ ಈ ಸಲ ಮುಂಚಿನಂತೆ ದೊಡ್ಡ ಗಂಟಲು ಬರಲಿಲ್ಲ. "ಒಂದ್ ನೋಡ್ತೀನಿ" ಎಂದ.

ಕೈ ಡ್ರಿಲ್ಲಿಗೆ ಇಬ್ಬರು ಬೇಕಾದರು. ಮುಕ್ತಿಯಾರ್ ಎದೆಯನ್ನು ಡ್ರಿಲ್ಲಿನ ತಲೆಗೆ ಒತ್ತಿ ಇಡೀ ಮೈಭಾರ ಬಿಡುವುದು, ಅಮೀರುನ್ನೀಸಾ ಎದುರಿಗೆ ಮಂಡಿಯೂರಿ ಹಿಡಿ ತಿರುಗಿಸುವುದು. ಎಣ್ಣೆಗೆ ಅವಳ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಇಬ್ಬರೂ ಕೂಡಿ ಒಂದು ಕೆಲಸ ಮಾಡಿದ್ದು ಅವನಿಗೆ ನೆನಪಿರಲಿಲ್ಲ. "ನಿಧಾನ" ಎಂದು ಅವನು, "ನಿಧಾನಾನೇ ಮಾಡ್ತಿದೀನಲ್ರೀ, ನೀವು ಒಸಿ ಒತ್ತಿ, ತೂಕಡಿಸ್ಬೇಡಿ" ಎಂದು ಅವಳು. ಅವನ ಕೈ ಹಗುರವಾಗಲು ಹಾತೊರೆಯುತ್ತಿತ್ತು. ನಲವತ್ತು ವರ್ಷ ಕಲಿತದ್ದನ್ನು ತಡೆದು ಹಿಡಿಯುವುದೇ ಅವನಿಗೆ ಒತ್ತುವುದಕ್ಕಿಂತ ಕಷ್ಟವಾಯಿತು. ಸ್ವಲ್ಪ ಹೊತ್ತಿಗೆ ಮೊನೆಯ ಪಕ್ಕದಿಂದ ತೆಳ್ಳನೆಯ ಒಂದು ಎಳೆ ಎದ್ದು, ಸುರುಳಿ ಸುತ್ತಿಕೊಂಡು, ಉದ್ದವಾಗುತ್ತಾ ಬಂತು. ಅಮೀರುನ್ನೀಸಾ ತಿರುಗಿಸುವುದನ್ನು ಮರೆತು ನೋಡಿದಳು. ಟಕ್ ಎಂದು ಮೊನೆ ಕೆಳಗಿನ ಮರಕ್ಕೆ ಇಳಿಯಿತು. ಮುಕ್ತಿಯಾರ್ ಹಲಗೆಯನ್ನು ಎತ್ತಿ ಹಿಡಿದು ತೂತಿಗೆ ಕಣ್ಣಿಟ್ಟ. ಆಚೆ ಕಡೆಯಿಂದ ಅಮೀರುನ್ನೀಸಾಳ ಕಣ್ಣು ಕಾಣಿಸಿತು. ಇಬ್ಬರಿಗೂ ಹುಚ್ಚು ಹಿಡಿದಂತೆ ನಗು ಬಂತು.

ಅವತ್ತು ಐದು ಆಯಿತು. ಮರುದಿನ ಹಪ್ಪಳವಿಲ್ಲ, ಅಡುಗೆಯೂ ಹೊತ್ತು ಮೀರಿ ಆಯಿತು, ಹತ್ತು ತೂತು ಬಿತ್ತು. ಅಂಚುಗಳನ್ನು ಕೊನೆಗೆ ಒಟ್ಟಿಗೆ ಅರ ಹಾಕಿ ಉಜ್ಜೋಣ, ಮೊದಲು ಮೂವತ್ತಮೂರು ಮುಗಿಯಲಿ ಎಂದು ಮುಕ್ತಿಯಾರ್ ಅಂದುಕೊಂಡ. ಲೆಕ್ಕ ತುಂಬುವ ಆಸೆ ಮತ್ತೆ ತಲೆಗೆ ಏರಿತ್ತು. ಬೀದಿಯಲ್ಲಿ ಯಾರೋ ಕೇಳಿದಾಗ, ಹದಿನೈದಾಯಿತು ಎಂದು ಎದೆಯುಬ್ಬಿಸಿ ಹೇಳಿದ. ಮೂರನೆಯ ದಿನ ಹತ್ತೊಂಬತ್ತನೆಯದು ಇಳಿಯುತ್ತಿದ್ದಾಗ, ಮಧ್ಯಾಹ್ನದ ಜೊಹರ್ ನಮಾಜು ಮುಗಿದ ಹೊತ್ತು, ವಹಾಬ್ ಚಾಚಾರ ಸೊಸೆ ಕೂಗಿದ್ದು ಕೇಳಿಸಿತು. ಅಮೀರುನ್ನೀಸಾಳ ಕೈ ನಿಂತಿತು. "ಮುಗ್ಸು" ಎಂದ ಮುಕ್ತಿಯಾರ್, ಎದೆ ಎತ್ತದೆ. ಅವಳು ಇನ್ನೆರಡು ಸುತ್ತು ತಿರುಗಿಸಿದಳು. ಮೊನೆ ಇಳಿಯಿತು.

ಮೆಹಬೂಬ್ ಸಾಬರು ಐದು ಜನರನ್ನು ಕರೆದುಕೊಂಡು ಬಂದಾಗ ಅವನು ಅರ ಹಿಡಿದು ಕೂತಿದ್ದ. ಆ ಐವರಲ್ಲಿ ಗೌಸನೂ ಇದ್ದ. ಮುತವಲ್ಲಿಯವರು ಬೆರಳಿಟ್ಟು ಎಣಿಸಿದರು, ಇನ್ನೊಮ್ಮೆ ಎಣಿಸಿದರು. "ಹತ್ತೊಂಬತ್ತು. ಬೆಸಾನೇ. ಸಾಕು, ಎತ್ರಪ್ಪ" ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು.

"ಅರ್ಧ ಗಂಟೆ ತಡೀರಿ" ಎಂದ ಮುಕ್ತಿಯಾರ್.

"ಅರ್ಧ ಗಂಟೇಲಿ ಇನ್ನೆಷ್ಟು ಕೊರೀತೀಯಪ್ಪಾ? ಅಲ್ಲಿ ನೀರು ಕಾದೈತೆ, ಬೋರೆ ಎಲೆ ಹಾಕಾಗೈತೆ. ಹತ್ತೊಂಬತ್ತೇ ಇರ್ಲಿ, ಯಾರೂ ನಿನ್ನ ಏನೂ ಅನ್ನಲ್ಲ."

"ಕೊರಿಯೋಕಲ್ಲ."

ಇನ್ನೇನಕ್ಕೆ ಎಂದು ಹೇಳಲು ಅವನಿಂದ ಆಗಲಿಲ್ಲ. ಹೇಳಬೇಕಾದರೆ ಹುಸೇನನ ಬೆನ್ನಿನ ಸಿಬರನ್ನು ಹೇಳಬೇಕು, ಅದು ಅವರಿಬ್ಬರ ನಡುವೆ ಉಳಿಯಬೇಕಾದ ಮಾತು, ಹೇಳಿದ ಮನುಷ್ಯ ಈಗ ಇಲ್ಲ. ಅವನು ಬಿರಬಿರನೆ ಒಂದೊಂದು ತೂತಿಗೂ ಅರ ತಿರುಗಿಸಿದ, ಹೆಬ್ಬೆರಳಿಂದ ಸವರಿದ. ಆದರೆ ಅವನ ಹೆಬ್ಬೆರಳು ನಲವತ್ತು ವರ್ಷದ ಉಳಿ ಹಿಡಿದು ಜಡ್ಡುಗಟ್ಟಿದ ಬೆರಳು, ಅದರ ಮಾತನ್ನು ಹೇಗೆ ನಂಬುವುದು? ಜನ ಹಲಗೆಗೆ ಕೈ ಹಾಕಿಯೇಬಿಟ್ಟರು. ಆಗ ಮುಕ್ತಿಯಾರ್ ಎದ್ದು, ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನನ್ನೂ ತಲೆಯ ಮೇಲಿಂದ ಕಿತ್ತು ಹಾಕಿ, ಬರಿ ಬೆನ್ನಿನಲ್ಲಿ ಹಲಗೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

ಮೇಲಿನಿಂದ ಆರು ಗಡ್ಡಗಳು ಬಗ್ಗಿ ನೋಡಿದವು. "ಇದೇನ್ ಹುಚ್ಚಾಟ ಮುಕ್ತಿಯಾರ್ ಭಾಯ್, ಅಲ್ಲಿ ಮೈಯತ್ ಕಾಯ್ತಾ ಐತೆ!" ಎಂದರು ಮೆಹಬೂಬ್ ಸಾಬರು. ಹೊಟ್ಟೆಯ ಬಿಳಿ ಕೂದಲು ತೋರಿಸಿಕೊಂಡು ಹೆಂಡತಿಯ ಮುಂದೆ, ಊರ ಗಂಡಸರ ಮುಂದೆ ಹೀಗೆ ಮಲಗುವುದು ಎಂಥ ನಾಚಿಕೆಗೇಡು ಎಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಸತ್ತವರನ್ನು ಹೊರಳಿಸುವ ಹಾಗೆ ಮೈ ಸಡಿಲ ಬಿಟ್ಟು ಉಜ್ಜಿದ. ಎಡ ಭುಜದ ಕೆಳಗೆ ಚುರ್ ಎಂದಿತು. ಹಿಂದುಗಡೆಯಿಂದ ಕೊರೆದ ಆ ಮೊದಲನೆಯ ತೂತು. ಅದರ ಮುಳ್ಳು ಮೇಲಕ್ಕೆ ಎದ್ದಿತ್ತು.

"ಇಲ್ಲಿ, ಇಲ್ಲೊಂದು ಚುಚ್ತೈತೆ" ಎಂದ.

"ಚುಚ್ಚಿದ್ರೆ ಅವ್ರಿಗೇನ್ ಗೊತ್ತಾಗ್ತೈತಾ?" ಎಂದು ಯಾರೋ ಗೊಣಗಿದರು.

ಅಮೀರುನ್ನೀಸಾ ಗೊಣಗಿದವರನ್ನು ಒಮ್ಮೆ ನೋಡಿದಳು. ಅವನ ಭುಜದ ಕೆಳಗಿನ ರಕ್ತದ ಹನಿಯನ್ನು ಸೆರಗಿನಿಂದ ಒರೆಸಿ, "ಏಳಿ" ಎಂದಳು. ಗೌಸ್ ಏನೂ ಕೇಳದೆ ನೆಲದಿಂದ ಅರ ತೆಗೆದುಕೊಂಡು ಮಂಡಿಯೂರಿ ಆ ತೂತನ್ನು ಉಜ್ಜಿದ, ಊದಿದ, ತನ್ನ ಕೆನ್ನೆ ಇಟ್ಟು ನೋಡಿದ. ಮುಕ್ತಿಯಾರ್ ಎರಡನೆಯ ಸಲ ಮಲಗಿದ. ಅಮೀರುನ್ನೀಸಾ ನೀರು ನಿಲ್ಲುತ್ತದೆಯೋ ಎಂದು ನೋಡಲು ಒಂದು ಚೊಂಬು ತಣ್ಣೀರನ್ನು ಅವನ ಎದೆಯ ಮೇಲೆ ಸುರಿದಳು. ನೀರು ಪಕ್ಕೆಗಳಿಂದ ಇಳಿದು, ಬೆನ್ನ ಕೆಳಗೆ ಹಾದು, ಹತ್ತೊಂಬತ್ತು ಕಡೆ ಕೆಳಗಿನ ಮಣ್ಣಿಗೆ ಸುರಿಯಿತು. ಅವನು ಮತ್ತೆ ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಎಲ್ಲೂ ಚುಚ್ಚಲಿಲ್ಲ. ಇಲ್ಲ ಎಂದು ಹೇಳಲು ಬಾಯಿ ತೆರೆದ. ಮಾತಿನ ಬದಲು ಅಳು ಬಂತು, ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಕುಣಿಯುವಷ್ಟು ಜೋರಾಗಿ. ಅಬ್ಬಾ ಸತ್ತಾಗ ಬಾರದೇ ಇದ್ದದ್ದೂ ಅದರಲ್ಲಿ ಸೇರಿಕೊಂಡಿತ್ತು. 

"ಇನ್ನೂ ಚುಚ್ತೈತಾ ಭಾಯ್?" ಎಂದು ಗೌಸ್ ಗಾಬರಿಯಿಂದ ಮತ್ತೆ ಅರ ಎತ್ತಿಕೊಂಡ. "ಎಲ್ಲಿ? ತೋರ್ಸಿ, ಎಲ್ಲಿ?"